ಆಮೆ ಸೂಲಿಬೆಲೆಗೆ ಹೋದದ್ದು

ನಮ್ಮ ಹಿರಿಯರು ಮಕ್ಕಳಿಗೆಂದು ಕಟ್ಟಿದ ನೀತಿಕಥೆಗಳಲ್ಲಿ ಎಷ್ಟೊಂದು ಸಾವುಗಳಿವೆ ಎಂಬುದು, ಸಾವಾದ ಮನೆಯಲ್ಲಿ ಕೂತು ಅವನ್ನು ಗಟ್ಟಿಯಾಗಿ ಓದುವವರೆಗೆ ಗೊತ್ತಾಗುವುದಿಲ್ಲ. ಸಿಂಹ ಬಾವಿಗೆ ಹಾರಿ ಸಾಯುತ್ತದೆ. ಮೀನುಗಳನ್ನು ಮೋಸ ಮಾಡಿ ತಿಂದ ಕೊಕ್ಕರೆಯ ಕತ್ತನ್ನು ಏಡಿ ಕತ್ತರಿಸುತ್ತದೆ. ಬಾಯಿ ಮುಚ್ಚಿಕೊಂಡಿರಲಾರದ ಆಮೆ ಆಕಾಶದಿಂದ ಬೀಳುತ್ತದೆ. ಚಿಕ್ಕಂದಿನಲ್ಲಿ ನಮ್ಮಜ್ಜಿ ಇವನ್ನೇ ಹೇಳಿ ನಮಗೆ ಮುದ್ದೆ ತಿನ್ನಿಸುತ್ತಿದ್ದಳು. ಒಂದೊಂದು ಪ್ರಾಣಿ ಸತ್ತಾಗಲೂ ನಾವು ನಿಶ್ಚಿಂತೆಯಾಗಿ ಒಂದೊಂದು ತುತ್ತು ನುಂಗುತ್ತಿದ್ದೆವು. ಇಷ್ಟು ಹೆಣಗಳ ಮಧ್ಯೆ ಬೆಳೆದ ನಾನು ಒಂದೇ ಒಂದು ಸಾವಿನ ಸುದ್ದಿಯನ್ನು ಒಂದು ಮಗುವಿಗೆ ಹೇಳಲಾರದೆ ಹೋದೆ.

ಹೋದ ಮಳೆಗಾಲದಲ್ಲಿ ನನ್ನ ತಮ್ಮ ನಾಗರಾಜನ ಹೆಂಡತಿ ಶೋಭಾ ಜ್ವರವೆಂದು ಆಸ್ಪತ್ರೆ ಸೇರಿದವಳು ಹಿಂದಿರುಗಲಿಲ್ಲ. ನಾಗರಾಜ ಸರ್ಕಾರಿ ಬಸ್ಸಿನ ಡ್ರೈವರ್. ದೇವನಹಳ್ಳಿ ಹತ್ತಿರದ ವಿಜಯಪುರದಲ್ಲಿ ನಾವು ಅಣ್ಣತಮ್ಮಂದಿರು ಇರುವುದು ಒಂದೇ ಮನೆಯಲ್ಲಿ. ಅವನ ಮಗಳು ಸಿರಿ ಆಗಿನ್ನೂ ಯುಕೆಜಿ. ಹೊಲದಲ್ಲಿ ಶೋಭಾಳನ್ನು ಮಣ್ಣು ಮಾಡುವಾಗ ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟಿದ್ದೆವು. ಸಂಜೆ ಕರೆತರಲು ಹೋದವನು ನಾನು. ಅವಳು ಅಮ್ಮ ಎಲ್ಲಿ ಎಂದು ಕೇಳಿದಳು. ರೇಷ್ಮೆ ಹುರಿ ಮಾಡುವ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿ ಯಂತ್ರಗಳ ಸದ್ದನ್ನೂ ಮೀರಿಸಿ ಕೂಗಾಡುವ ನನ್ನ ಗಂಟಲಿನಿಂದ ಮೆಲ್ಲಗೆ ಹೊರಟದ್ದು ಒಂದೇ ಮಾತು: ಅಮ್ಮ ಸಾಸಲಿಗೆ ಹೋಗಿದ್ದಾಳೆ, ಅಜ್ಜಿಗೆ ಕಾಲುನೋವು.

ಸಾಸಲು ಶೋಭಾಳ ತವರು. ಸುಳ್ಳು ಹೇಳುವುದು ಸುಲಭ, ಸಾಕುವುದು ಕಷ್ಟ. ಹಸುವಿನ ಹಾಗೆ ದಿನಾ ಅದಕ್ಕೆ ಮೇವು ಹಾಕಬೇಕು. ಸಿರಿ ಅಮ್ಮನ ಜೊತೆ ಫೋನಿನಲ್ಲಿ ಮಾತಾಡಬೇಕು ಎಂದು ಹಟ ಹಿಡಿದಾಗ, ನಾನು ಹಿತ್ತಲಿಗೆ ಹೋಗಿ ಶೋಭಾಳ ತಾಯಿಗೆ ಮೊದಲೇ ಫೋನ್ ಮಾಡಿ ಹೇಳಿಕೊಟ್ಟೆ. ಅಳಬೇಡಿ, ಏನಾದರೊಂದು ನೆಪ ಹೇಳಿ ಎಂದೆ. ಆ ತಾಯಿ ಹಾಗೇ ಮಾಡಿದರು. ನಿಮ್ಮಮ್ಮ ಹಸು ಕಟ್ಟಲು ಹೋಗಿದ್ದಾಳೆ ಎಂದರು ಒಂದು ಸಲ. ನೀರು ಹುಯ್ಕೊಳ್ತಾ ಇದ್ದಾಳೆ ಎಂದರು ಇನ್ನೊಂದು ಸಲ. ಮಗಳ ತಿಥಿ ಮುಗಿಸಿ ಹೋಗಿದ್ದ ಹೆಂಗಸಿನ ಬಾಯಲ್ಲಿ ಮಗಳಿಗೆ ಸ್ನಾನ ಮಾಡಿಸಿದೆ. ಅವರಾದರೋ ಮೊಮ್ಮಗಳನ್ನು ನೋಡಲು ಬರುವಂತಿಲ್ಲ, ಕಾಲುನೋವಲ್ಲವೇ. ಮೊಮ್ಮಗಳು ಅಲ್ಲಿಗೆ ಹೋಗುವಂತಿಲ್ಲ, ಅಲ್ಲಿ ಅಮ್ಮ ಇಲ್ಲವಲ್ಲ. ಇಷ್ಟನ್ನೂ ಮಾಡಿ ನಾನು ಮನೆಯ ಹಿರಿಯನೆಂಬ ಗಾಂಭೀರ್ಯದಲ್ಲಿ ಓಡಾಡುತ್ತಿದ್ದೆ.

ಮಗುವಿನ ಮನಸ್ಸು ಬೇರೆ ಕಡೆ ತಿರುಗಲಿ ಎಂದು ನನ್ನ ಹೆಂಡತಿ ಗೌರ ದೊಡ್ಡಬಳ್ಳಾಪುರದ ಬಸ್‌ಸ್ಟ್ಯಾಂಡಿನ ಅಂಗಡಿಯಿಂದ ಒಂದು ಕಥೆಪುಸ್ತಕ ತಂದಳು. ಎಡಗಡೆ ಕನ್ನಡ, ಬಲಗಡೆ ಇಂಗ್ಲಿಷು, ಎರಡರ ಮೇಲೂ ಹರಡಿಕೊಂಡ ಬಣ್ಣದ ಚಿತ್ರ. ಕೆಲಸದಿಂದ ಬಂದು ಕಾಫಿ ಕುಡಿದು ಜಗಲಿಯಲ್ಲಿ ಕೂತು ಓದುವುದು ನನ್ನ ಪಾಲಿಗೆ ಬಂತು. ಸಿಂಹದ ಗರ್ಜನೆ ನನ್ನ ಗಂಟಲಿಗೆ ಹೇಳಿ ಮಾಡಿಸಿದಂತಿತ್ತು. ಬೀದಿಯ ನಾಯಿಗಳೂ ಒಪ್ಪಿಕೊಂಡವು. ಆದರೆ ಸಿಂಹ ಬಾವಿಯ ಕಟ್ಟೆ ಹತ್ತುತ್ತಲೇ ನನ್ನ ನಾಲಿಗೆ ತೊದಲಿತು. ಸಿರಿ ನನ್ನ ಮುಖವನ್ನೇ ನೋಡುತ್ತಿದ್ದಳು. ಸಿಂಹ ಬಾವಿಗೆ ಹಾರಿತು, ಚೆನ್ನಾಗಿ ಈಜಿತು, ಮೇಲೆ ಬಂದು ಊರಿಗೆ ಹೋಯಿತು ಎಂದುಬಿಟ್ಟೆ.

ಅಲ್ಲಿಂದ ಮುಂದೆ ನನ್ನ ಕನ್ನಡದಲ್ಲಿ ಯಾವ ಪ್ರಾಣಿಯೂ ಸಾಯಲಿಲ್ಲ. ಕತ್ತು ಕುಯ್ಸಿಕೊಂಡ ಕೊಕ್ಕರೆ ಪಟ್ಟಿ ಹಾಕಿಸಿಕೊಂಡು ದೇವನಹಳ್ಳಿಯ ತಂಗಿ ಮನೆಗೆ ಹೋಯಿತು. ಆಮೆ ಹುಲ್ಲಿನ ಬಣವೆಯ ಮೇಲೆ ಬಿದ್ದು, ಮೈ ಕೊಡವಿಕೊಂಡು, ಸೂಲಿಬೆಲೆಯ ಬಸ್ಸು ಹತ್ತಿತು. ನೀತಿಗಳು ಮಾತ್ರ ಎಕ್ಕುಟ್ಟಿಹೋದವು. ಹಾಗಾದರೆ ಆಕಾಶದಲ್ಲಿ ಬಾಯಿ ಬಿಟ್ಟರೂ ಏನೂ ಆಗಲ್ಲ ಅಲ್ವಾ ಎಂದು ಸಿರಿ ಕೇಳಿದಳು. ಏನೂ ಆಗಲ್ಲ ಎಂದೆ. ಒಳಗಿನಿಂದ ಗೌರ, ಇವರು ಕಥೆ ಹೇಳಿದರೆ ಮಗು ನಾಳೆ ಬಾವಿಗೆ ಹಾರುತ್ತೆ ಎಂದು ಗೊಣಗಿದಳು.

ಬೇಸಿಗೆ ರಜ ಮುಗಿದು ಸಿರಿ ಒಂದನೇ ಕ್ಲಾಸಿಗೆ ಹೋದಳು. ಇಂಗ್ಲಿಷ್ ಮೀಡಿಯಂ. ಕನ್ನಡದ ಒತ್ತಕ್ಷರ ಇನ್ನೂ ಹಿಡಿತಕ್ಕೆ ಬಂದಿರಲಿಲ್ಲ. ಇಂಗ್ಲಿಷನ್ನು ಅಕ್ಷರ ಅಕ್ಷರ ಕೂಡಿಸಿ ಓದುವುದು ಬಂದಿತ್ತು. ಪುಸ್ತಕದ ಬಲಗಡೆಯ ಪುಟ ಇಷ್ಟು ದಿನ ಬಾಯಿ ಮುಚ್ಚಿಕೊಂಡು ಕಾಯುತ್ತಿತ್ತೆಂದು ನನಗೆ ಹೊಳೆದೇ ಇರಲಿಲ್ಲ.

ಒಂದು ಸಂಜೆ ಅವಳು ಪುಸ್ತಕ ತಂದು, ಆಮೆಯ ಪುಟ ತೆಗೆದು, ಒಂದು ಪದದ ಮೇಲೆ ಬೆರಳಿಟ್ಟಳು. ಅದನ್ನು ಶಾಲೆಗೆ ಒಯ್ದು ಮಿಸ್ಸಿಗೆ ತೋರಿಸಿದ್ದಳಂತೆ. ಡೈಡ್ ಅಂದರೆ ಸತ್ತುಹೋಗುವುದು ಎಂದು ಮಿಸ್ಸು ಹೇಳಿದರಂತೆ. ಸಿಂಹದ ಪುಟದಲ್ಲೂ ಅದೇ, ಕೊಕ್ಕರೆಯ ಪುಟದಲ್ಲೂ ಅದೇ. ಇಂಗ್ಲಿಷಿನವರು ಹಾಗೆ ಬರೆದುಕೊಂಡಿದ್ದಾರೆ, ಕನ್ನಡದಲ್ಲಿ ಅದು ಊರಿಗೇ ಹೋಗಿದ್ದು ಎಂದೆ. ನನ್ನ ಜೀವಮಾನದಲ್ಲಿ ಕನ್ನಡದ ಪರವಾಗಿ ನಾನು ಮಾಡಿದ ವಾದ ಅದೊಂದೇ.

ಸಿರಿ ಎಡಗಡೆಯ ಪುಟ ನೋಡಿದಳು, ಬಲಗಡೆಯದನ್ನು ನೋಡಿದಳು.

"ದೊಡ್ಡಪ್ಪ, ಅಮ್ಮ ಇಂಗ್ಲಿಷಲ್ಲಿ ಎಲ್ಲಿಗೋದ್ಲು?"

ಆಗತಾನೇ ಡ್ಯೂಟಿ ಮುಗಿಸಿ ಬಂದ ನಾಗರಾಜ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ. ಹೆಂಡತಿ ಸತ್ತಾಗಿನಿಂದ ಅವನು ಮನೆಯಲ್ಲಿ ಹೆಚ್ಚು ಮಾತಾಡಿದ್ದೇ ಇಲ್ಲ. ನನ್ನ ಸುಳ್ಳಿಗೆ ಹೂಂ ಎಂದೂ ಇರಲಿಲ್ಲ, ಊಹೂಂ ಎಂದೂ ಇರಲಿಲ್ಲ. ನಾನು ಅವನ ಕಡೆ ನೋಡಿದೆ, ಇನ್ನೊಂದು ಊರು ಹುಡುಕಿಕೊಡು ಎಂಬಂತೆ. ಅವನು ಬಂದು ಖಾಕಿ ಬಟ್ಟೆಯಲ್ಲೇ ಜಗಲಿಯ ಮೇಲೆ ಕೂತು ಮಗಳನ್ನು ತೊಡೆಗೆಳೆದುಕೊಂಡ.

"ಅಮ್ಮ ಸತ್ತೋದ್ಲು ಕಣವ್ವ. ಇಂಗ್ಲಿಷಲ್ಲೂ ಅಷ್ಟೆ, ಕನ್ನಡದಲ್ಲೂ ಅಷ್ಟೆ."

ಸಾಸಲಲ್ಲಿ ಇಲ್ವಾ ಎಂದಳು. ಇಲ್ಲ ಎಂದ. ಎಲ್ಲಿದ್ದಾಳೆ ಎಂದಳು. ನಮ್ಮ ಹೊಲದಲ್ಲಿ, ಬೇವಿನ ಮರದ ಹತ್ತಿರ ಎಂದ. ಆಮೇಲೆ ಅವಳು ಅತ್ತಳು. ಮಕ್ಕಳು ಬಿದ್ದಾಗ ಅಳುವ ಅಳುವಲ್ಲ ಅದು, ದೊಡ್ಡವರ ಹಾಗೆ ಸದ್ದಿಲ್ಲದ ಅಳು. ಗೌರ ಒಳಗಿನಿಂದ ಬಂದು ಅವರಿಬ್ಬರನ್ನೂ ಹಿಡಿದುಕೊಂಡಳು. ನಾನು ಎದ್ದು ಹಿತ್ತಲಿಗೆ ಹೋಗಿ, ತುಂಬಿದ್ದ ತೊಟ್ಟಿಗೇ ಮತ್ತೆ ನೀರು ಬಿಟ್ಟುಕೊಂಡು ನಿಂತೆ.

ಆ ಭಾನುವಾರ ಎಲ್ಲರೂ ಮೊದಲು ಹೊಲಕ್ಕೆ ಹೋದೆವು, ಆಮೇಲೆ ಬಸ್ಸಿನಲ್ಲಿ ಸಾಸಲಿಗೆ. ಶೋಭಾಳ ತಾಯಿ ಬಾಗಿಲಲ್ಲೇ ನಿಂತಿದ್ದರು. ಇಷ್ಟು ತಿಂಗಳಲ್ಲಿ ಅವರು ಅರ್ಧಕ್ಕರ್ಧ ಇಳಿದುಹೋಗಿದ್ದರು. ಸಿರಿ ಹತ್ತಿರ ಹೋಗಿ, ಅಜ್ಜಿ, ನಂಗೆ ಗೊತ್ತಾಯ್ತು ಎಂದಳು. ಅಷ್ಟೇ ಸಾಕಾಯಿತು. ಆ ಹೆಂಗಸು ಮೊಮ್ಮಗಳನ್ನು ತಬ್ಬಿಕೊಂಡು, ಫೋನಿನಲ್ಲಿ ಅಳದೆ ಉಳಿಸಿಕೊಂಡಿದ್ದನ್ನೆಲ್ಲ ಅಲ್ಲೇ ಹೊಸಿಲ ಮೇಲೆ ಕೂತು ಅತ್ತರು. ಬೈಯುತ್ತಾರೆಂದು ನಾನು ಕಂಬದ ಮರೆಯಲ್ಲಿ ನಿಂತಿದ್ದೆ. ಬೈದಿದ್ದರೆ ವಾಸಿಯಿತ್ತು. ಊಟಕ್ಕೆ ಹಾಕಿದರು, ಎರಡನೇ ಸಲ ಸಾರು ಬಡಿಸಿದರು.

ಹೊರಡುವಾಗ ಬಸ್‌ಸ್ಟಾಪಿನವರೆಗೂ ಬಂದರು. ಕಾಲುನೋವಿನ ಕುರುಹೇ ಇರಲಿಲ್ಲ. ಬಸ್ಸು ಕಂಡಾಗ ನನ್ನ ಪಕ್ಕ ಬಂದು, ಯಾರಿಗೂ ಕೇಳಿಸದ ಹಾಗೆ ಕೇಳಿದರು:

"ಇನ್ಮೇಲೆ ಯಾರಾದ್ರೂ ಕೇಳಿದ್ರೆ ನನ್ ಮಗಳು ಸತ್ತೋಗವ್ಳೆ ಅಂತ ಹೇಳ್ಬೋದೇನಪ್ಪ?"

ಅಷ್ಟು ದೊಡ್ಡ ಅಪ್ಪಣೆ ಕೊಡುವವನು ನಾನಾಗಿ ಹೋಗಿದ್ದೆ. ಹೂಂ ಎಂಬಂತೆ ತಲೆಯಾಡಿಸಿ ಬಸ್ಸು ಹತ್ತಿದೆ. ಕಂಡಕ್ಟರ್ ಎಲ್ಲಿಗೆ ಎಂದು ಮೂರು ಸಲ ಕೇಳಬೇಕಾಯಿತು.