ಹಲ್ಲು ನಂದು, ನೋವು ನಂದು, ಮಧ್ಯೆ ನೀವ್ಯಾರು?

ಈಗ ನನ್ನ ಹಲ್ಲುಗಳೆಲ್ಲ ಲೋಟದ ನೀರಿನಲ್ಲಿ ವಿಶ್ರಾಂತಿ ಪಡೆಯುತ್ತವೆ. ಅವುಗಳ ಮೇಲೆ ನನಗೇನೂ ದೂರಿಲ್ಲ. ಆದರೆ ಐವತ್ತರ ದಶಕದಲ್ಲಿ, ಅರಸೀಕೆರೆಯಲ್ಲಿ, ನನ್ನ ಇಪ್ಪತ್ತಮೂರನೆಯ ವಯಸ್ಸಿಗೆ ಕಳೆದುಕೊಂಡ ಆ ಒಂದು ಹಲ್ಲನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ!

ನಾಲ್ಕು ದಿನದಿಂದ ಎಡಗಡೆ ಮೇಲಿನ ಹಲ್ಲು ಸಿಡಿಯುತ್ತಿತ್ತು. ಗಂಜಿ ಕೂಡ ಇಳಿಯುತ್ತಿರಲಿಲ್ಲ. ಸ್ಟೇಷನ್ನಿನಲ್ಲಿ ಬುಕಿಂಗ್ ಕ್ಲಾರ್ಕ್ ಆಗಿದ್ದ ನಮ್ಮ ಯಜಮಾನರು, ಪಾಪ, ರಜೆ ಹಾಕಿ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ನನಗೇನು ಭಯ? ಕಾನ್ವೆಂಟಿನಲ್ಲಿ ಫಿಸಿಯಾಲಜಿ ಓದಿದವಳು! ಹಲ್ಲಿಗೆ ನೋವಾದರೆ ನರ ಆ ಸುದ್ದಿಯನ್ನು ಮೆದುಳಿಗೆ ಮುಟ್ಟಿಸುತ್ತದೆ. ಇಂಥ ಕಡೆ ನೋವು ಎಂದು ಮೆದುಳು ತಿಳಿಸುತ್ತದೆ. ವೆರಿ ಸಿಂಪಲ್. ಇದರಲ್ಲಿ ಡಾಕ್ಟರ ಅಭಿಪ್ರಾಯಕ್ಕೆ ಜಾಗವೆಲ್ಲಿದೆ?

ಡಾಕ್ಟರು ಬಾಯೊಳಗೆ ಪುಟ್ಟ ಕನ್ನಡಿ ಇಟ್ಟು ನೋಡಿದರು. “ಮೇಲಿನ ಹಲ್ಲು ಮುತ್ತಿನ ಹಾಗಿದೆಯಲ್ಲಮ್ಮಾ. ಹುಳುಕಿರೋದು ಕೆಳಗಿನದರಲ್ಲಿ.”

“ಎಕ್ಸ್‌ಕ್ಯೂಸ್ ಮಿ, ನೋಯ್ತಿರೋದು ಮೇಲೆ!”

“ಎರಡು ದವಡೆಯ ನರಾನೂ ಮುಂದೆ ಒಂದೇ ದಾರಿ ಸೇರುತ್ತೆ, ನಮ್ಮ ಜಂಕ್ಷನ್ ಇದ್ದ ಹಾಗೆ. ಗಾಡಿ ಬಂತು ಅಂತ ಮೆದುಳಿಗೆ ಗೊತ್ತಾಗುತ್ತೆ. ಹಾಸನದ್ದೋ ಹುಬ್ಬಳ್ಳೀದೋ ಅಂತ ಒಂದೊಂದ್ಸಲ ತಪ್ಪು ತಿಳ್ಕೊಳ್ಳುತ್ತೆ.”

ನನ್ನ ಮೆದುಳು! ತಪ್ಪು ತಿಳಿಯುವುದೇ! ವಾಟ್ ಆ್ಯನ್ ಇನ್ಸಲ್ಟ್!

“ಹಲ್ಲು ನಂದು, ನೋವು ನಂದು, ಮೆದುಳೂ ನಂದು. ಮಧ್ಯೆ ನೀವ್ಯಾರು ಡಾಕ್ಟ್ರೇ?”

“ಅವರು ಹೇಳೋದನ್ನ ಸ್ವಲ್ಪ ಕೇಳೇ...” ಎಂದರು ಯಜಮಾನರು.

“ನೀವು ಸುಮ್ನಿರಿ! ನಿಮಗಾ ಹಲ್ಲುನೋವು?”

ಡಾಕ್ಟರು ನಿಟ್ಟುಸಿರು ಬಿಟ್ಟು ಮೇಲಿನ ವಸಡಿಗೆ ಇಂಜೆಕ್ಷನ್ ಚುಚ್ಚಿದರು. ವಸಡು ಮರಗಟ್ಟಿತು, ತುಟಿ ಮರಗಟ್ಟಿತು, ಕೆನ್ನೆಯೂ ಮರಗಟ್ಟಿತು. ನೋವು ಮಾತ್ರ ಕುಣಿಯುತ್ತಲೇ ಇತ್ತು.

“ನಿಮ್ಮ ಇಂಜೆಕ್ಷನ್ ಬರೀ ನೀರು!”

“ಅಮ್ಮಾ, ಮೇಲೆಲ್ಲ ಮರಗಟ್ಟಿದರೂ ನೋವಿದೆ ಅಂದ್ರೆ ಅದು ಮೇಲಿನ ನೋವಲ್ಲ. ಇದಕ್ಕಿಂತ ಬೇರೆ ಸಾಕ್ಷಿ ಬೇಕಾ?”

“ಔಷಧಿ ಹಳೇದು ಅನ್ನೋಕೆ ಸಾಕ್ಷಿ! ಕೀಳಿ!”

ಕಿತ್ತರು. ಒಂದಿಷ್ಟೂ ನೋಯಲಿಲ್ಲ. ನನಗೆ ಅನುಮಾನ ಬರಬೇಕಿದ್ದದ್ದು ಆಗಲೇ. ಇಂಜೆಕ್ಷನ್ ನೀರಾಗಿದ್ದರೆ ನನ್ನ ಚೀರಾಟ ಸ್ಟೇಷನ್ನಿಗೆ ಕೇಳಿಸಬೇಕಿತ್ತಲ್ಲ! ತಟ್ಟೆಯಲ್ಲಿ ಬಿದ್ದಿತ್ತು, ನಕ್ಕಾಗ ಕಾಣುತ್ತಿದ್ದ ನನ್ನ ಚೆಂದದ ಹಲ್ಲು. ಒಂದು ಕಪ್ಪು ಚುಕ್ಕೆಯೂ ಇಲ್ಲ. ನೋವೋ, ಹಲ್ಲೇ ಇಲ್ಲದ ಆ ಜಾಗದಲ್ಲಿ ಮೊದಲಿನಂತೆಯೇ ಸಿಡಿಯುತ್ತಿತ್ತು! ಅಲ್ಲಿಯೇ ಒಪ್ಪಿಕೊಳ್ಳಬಹುದಿತ್ತು. ಒಪ್ಪಲಿಲ್ಲ. ಕೆನ್ನೆ ಹಿಡಿದುಕೊಂಡು, ತಲೆಯೆತ್ತಿ ಮನೆಗೆ ಬಂದೆ.

ಮಾರನೆಯ ಬೆಳಿಗ್ಗೆ ಮತ್ತೆ ಅದೇ ಕುರ್ಚಿ.

“ಇವತ್ತು ಯಾವುದು ತಾಯೀ?” ಡಾಕ್ಟರು ಬಹಳ ವಿನಯದಿಂದ ಕೇಳಿದರು.

ನೆಲ ನೋಡುತ್ತ, “ನೀವು ಹೇಳಿದ ಹಾಗೆ” ಎಂದೆ.

ಕೆಳಗಿನ ಹಲ್ಲು ಹೋಯಿತು. ನೋವೂ ಹೋಯಿತು! ಡಾಕ್ಟರು ಬಾಯಿಗೆ ಹತ್ತಿ ತುರುಕಿದರು. ಅಲ್ಲಿಯವರೆಗೆ ಬಾಗಿಲಲ್ಲಿ ನಿಂತಿದ್ದ ಯಜಮಾನರು ಮೆಲ್ಲಗೆ ಒಳಗೆ ಬಂದರು.

“ಡಾಕ್ಟ್ರೇ, ಮದುವೆಯಾಗಿ ನಾಲ್ಕು ವರ್ಷ ಆಯ್ತು. ‘ನೀವು ಹೇಳಿದ ಹಾಗೆ’ ಅನ್ನೋ ಮಾತು ಇವಳ ಬಾಯಲ್ಲಿ ಇವತ್ತೇ ಕೇಳಿದ್ದು. ಇನ್ನೂ ಒಂದೆರಡು ಕೀಳೋಕಾಗುತ್ತಾ ನೋಡಿ!”

ಬೈಯೋಣವೆಂದರೆ ಬಾಯಿ ತುಂಬ ಹತ್ತಿ. ಡಾಕ್ಟರು ನಗುತ್ತ ಮತ್ತೆ ಇಕ್ಕಳ ಎತ್ತಿಕೊಂಡರು. ಫಿಸಿಯಾಲಜಿ ಓದಿದ ನಾನು ಎರಡೂ ಕೈ ಎತ್ತಿ ಮುಗಿದೆ!