ಖಡಕ್ ರೊಟ್ಟಿಗೆ ನಾನು ಮಾಡಿದ ತಿದ್ದುಪಡಿ

ನನ್ನ ಅತ್ತೆ ಶಂಕ್ರಮ್ಮನವರ ಖಡಕ್ ರೊಟ್ಟಿಗೆ ಚೆನ್ನೈ ತುಂಬ ಅಭಿಮಾನಿಗಳು. ಊರಿನ ಆ ತುದಿಯ ಮಾಧವರಂನಿಂದಲೂ ಆರ್ಡರ್ ಬರುತ್ತದೆ. ರೊಟ್ಟಿಗೊಂದು ವೆಬ್‌ಸೈಟ್ ಬೇರೆ. ಅತ್ತೆ ಅದನ್ನು ದಿನಾ ಮೊಬೈಲಿನಲ್ಲಿ ತೆರೆದು ಪಾರಾಯಣ ಮಾಡುತ್ತಾರೆ. ಅದರ ಆಸ್ಥಾನ ವಿದ್ವಾಂಸ (ಸಂಬಳವಿಲ್ಲದ) ನಾನು.

ಸೈಟಿನ ಫೈಲುಗಳಿರುವುದು ಎಲ್ಲೋ ದೂರದ ಸರ್ವರಿನಲ್ಲಿ. ಮೊದಲೆಲ್ಲ ಫೈಲನ್ನು ನನ್ನ ಲ್ಯಾಪ್‌ಟಾಪಿಗೆ ಇಳಿಸಿಕೊಂಡು, ತಿದ್ದಿ, ಮತ್ತೆ ಏರಿಸಬೇಕಿತ್ತು.

"ರೀ, ಇವತ್ತ ರೊಟ್ಟಿ ಮುಗದಾವು ಅಂತ ಹಾಕ್ರಿ ಅಂದ್ರ ನಾಳೆ ಹಾಕ್ತೀರಲ್ಲ!" ಎಂದು ಹೆಂಡತಿ ಸಂಗೀತಾ ರೇಗುತ್ತಿದ್ದಳು.

ಪೆರುಂಗುಡಿಯ ಆಫೀಸಿನಲ್ಲಿ ಘನ ಸರ್ವರುಗಳನ್ನೇ ಆಡಿಸುವ ನನಗಿದು ಘೋರ ಅವಮಾನ. ಒಂದು ಭಾನುವಾರ ಸರ್ವರಿನ ಫೋಲ್ಡರನ್ನು ನೇರವಾಗಿ ಲ್ಯಾಪ್‌ಟಾಪಿನಲ್ಲಿ ನಾನು ತಿದ್ದುವ ಎಡಿಟರಿಗೇ ಜೋಡಿಸಿಬಿಟ್ಟೆ. ಇಲ್ಲಿ ಸೇವ್ ಒತ್ತಿದರೆ ಸಾಕು, ಅಲ್ಲಿ ಸೈಟು ಬದಲು.

ಮರೆತದ್ದು ನನ್ನ ಎಡಗೈಯನ್ನು. ಸಾಲಿಗೊಮ್ಮೆ ಸೇವ್ ಒತ್ತುವುದು ಅದಕ್ಕೆ ಆಫೀಸು ಅಂಟಿಸಿದ ಚಟ. ಆ ಸಂಜೆ ರೊಟ್ಟಿಯ ಹೊಸ ವರ್ಣನೆಗೆ ಕುಳಿತವನು, ಆಮೇಲೆ ಅಳಿಸಿದರಾಯಿತೆಂದು ತಮಾಷೆಗೆ ಬರೆದೆ: "ತಿನ್ನುವ ಮೊದಲು ಹಲ್ಲಿನ ಡಾಕ್ಟರಿಗೆ ಫೋನ್ ಮಾಡಿಡಿ." ನನ್ನ ಜೋಕಿಗೆ ನಾನೇ ನಕ್ಕು, ಕಾಫಿ ತರಲು ಎದ್ದೆ.

ಬರುವಷ್ಟರಲ್ಲಿ ಮಗಳು ಕೃತಿ ಬಾಗಿಲಲ್ಲಿ ನಿಂತಿದ್ದಳು. "ಅಪ್ಪಾ, ಅಜ್ಜಿ ಪಡಿಚ್ಚಿಟ್ಟಾಂಗ!" (ಅಜ್ಜಿ ಓದಿಬಿಟ್ಟರು ಎಂಬುದು ಅವಳ ಶಾಲೆಯ ತಮಿಳಿನಲ್ಲಿ.)

ಓಡಿಹೋಗಿ ಅಳಿಸಿದೆ. ಅದೇ ಜಾಗದಲ್ಲಿ "ಶ್ರೀಮತಿ ಶಂಕ್ರಮ್ಮನವರಲ್ಲಿ ಕ್ಷಮೆ ಕೋರುತ್ತೇವೆ" ಎಂದು ಬರೆದು ಸೇವ್ ಒತ್ತಿದೆ.

"ಅವ್ವ ಗ್ವಾಡಿ ಆಚೆ ಅಡಿಗಿ ಮನ್ಯಾಗ ಅದಾಳ," ಎಂದಳು ಸಂಗೀತಾ. "ಎದ್ದು ಹೋಗಿ ಬಾಯಿಲೆ ಹೇಳಾಕ ಏನ್ ಧಾಡಿ ನಿಮಗ?"

ಹೋಗಬೇಕಿತ್ತು. ಆಗಲೇ ಹೋಗಬೇಕಿತ್ತೆಂದು ಈಗಲೂ ಹಳಹಳಿಸುತ್ತೇನೆ. ಊರು ಬಿಟ್ಟು ಬಂದ ಆಕೆಗೆ ಈ ಊರಿನಲ್ಲಿ ತನ್ನದು ಎನ್ನಲು ಇದ್ದದ್ದು ಆ ರೊಟ್ಟಿಯೊಂದೇ. ನಾನೋ, ಮುಖ ತೋರಿಸಲು ನಾಚಿ, ಕ್ಷಮೆಯ ಅಕ್ಷರಗಳನ್ನು ದಪ್ಪ ಮಾಡುತ್ತ ಕುಳಿತೆ.

ಊಟಕ್ಕೆ ಎಲ್ಲರ ತಟ್ಟೆಗೂ ರೊಟ್ಟಿ, ಎಣ್ಣೆಗಾಯಿ ಬಿದ್ದವು. ನನ್ನ ಮುಂದೆ ಮಾತ್ರ ಒಂದು ಬಟ್ಟಲು ಗಂಜಿ.

"ಅತ್ತೀ, ತಪ್ಪಾತ್ರಿ..."

"ತಪ್ಪೇನ್ ಬಂತ್ರಿ?" ಅತ್ತೆಯ ದನಿ ಬೆಣ್ಣೆ. "ಹಲ್ಲು ನಾಜೂಕು ಅದಾವ ಅಂತ ಮೊದಲ ಹೇಳಬಾರದೇನ್ರಿ ಅಳಿಯಂದ್ರ? ಇನ್ ಮ್ಯಾಲೆ ದಿನಾ ಗಂಜೀನ ಮಾಡ್ತೀನಿ."

ಸುತ್ತಲೂ ಕಟುಂ ಕುಟುಂ ನಡೆದಿತ್ತು. ನಾನು ಗಂಜಿ ಕುಡಿದೆ. ಅದಕ್ಕೆ ಉಪ್ಪಿರಲಿಲ್ಲ. ಹೇಳಲು ಧೈರ್ಯವಾಗಲಿಲ್ಲ.