ಕೆಲ್ಟಿಕ್ ಕಛೇರಿಯ ಬಾಗಿಲಲ್ಲಿ ನಾನು ಗೆದ್ದ ವಾದ

ವಾದದಲ್ಲಿ ನಾನು ಸೋತವಳಲ್ಲ. ಇದು ಜಂಬದ ಮಾತಲ್ಲ. ತುಮಕೂರಿನ ನಮ್ಮ ಮನೆಯ ಶೋಕೇಸಿನಲ್ಲಿ ಹನ್ನೊಂದು ಕಪ್ಪುಗಳು ಸಾಕ್ಷಿಗೆ ನಿಂತಿವೆ. ಅವುಗಳಲ್ಲಿ ಒಂದಕ್ಕೆ ಅಮ್ಮ ಊದಿನಕಡ್ಡಿ ಸಿಕ್ಕಿಸಿಡುತ್ತಾಳೆ ಎಂಬುದು ಬೇರೆ ವಿಷಯ.

ಅಂತರ ಕಾಲೇಜು ಚರ್ಚಾಸ್ಪರ್ಧೆಗಳಲ್ಲಿ ಮೊದಲ ಗಂಟೆ ಹೊಡೆದಾಗ ಉಳಿದವರೆಲ್ಲ ಉಪಸಂಹಾರಕ್ಕೆ ಬರುತ್ತಿದ್ದರು. ನಾನು ಆಗಷ್ಟೇ ಎರಡನೆಯ ಅಂಶಕ್ಕೆ ಬಂದಿರುತ್ತಿದ್ದೆ. ಕೂರಲೇಬೇಕಾದ ಎರಡನೆಯ ಗಂಟೆ ಹೊಡೆದ ಮೇಲೂ ಮಾತಾಡುತ್ತಿದ್ದೆ. ಆ ಗಂಟೆ ಹೊಡೆಯುತ್ತಿದ್ದವನು ಪ್ರಸನ್ನ, ನನ್ನ ಸಹಪಾಠಿ. "ಗಂಟೆ ಹೊಡೆದ್ರೂ ಕೂತ್ಕೊಳಲ್ವಲ್ಲ ನೀನು" ಎಂದು ಒಂದು ದಿನ ಜಗಳಕ್ಕೆ ಬಂದ. ಆ ಜಗಳದಲ್ಲಿ ಸೋತ. ನಾಲ್ಕು ವರ್ಷದ ನಂತರ ನನ್ನನ್ನೇ ಮದುವೆಯಾದ.

ಅಂಥ ಒಂದು ಸ್ಪರ್ಧೆಯಲ್ಲಿ ನನಗೆ ಕಪ್ಪಿನ ಬದಲು ಒಂದು ಕ್ಯಾಸೆಟ್ ಬಹುಮಾನವಾಗಿ ಬಂತು. ಚರ್ಚೆಯ ವಿಷಯ ಮರೆತುಹೋಗಿದೆ. ನಾನು ವಿರೋಧವಾಗಿ ಮಾತಾಡಿದ್ದೆ ಎಂಬುದು ಮಾತ್ರ ನೆನಪಿದೆ. ತೀರ್ಪುಗಾರರಾಗಿದ್ದ ಕಾನ್ವೆಂಟಿನ ಸಿಸ್ಟರ್ ಒಬ್ಬರು ತಮ್ಮ ಕೈಚೀಲದಿಂದಲೇ ಅದನ್ನು ತೆಗೆದು ಕೊಟ್ಟಿದ್ದರು. ಐರ್ಲೆಂಡಿನ ಹಳೆಯ ಕೆಲ್ಟಿಕ್ ಸಂಗೀತ. ಬಾಯಲ್ಲಿ ಊದದೆ, ಕಂಕುಳಲ್ಲಿ ತಿದಿಯನ್ನು ಅದುಮಿ ನುಡಿಸುವ ಒಂದು ಬಗೆಯ ಪೈಪು. ಎರಡನೆಯ ಬದಿಯಲ್ಲಿ ನಾಲ್ಕನೆಯದಾಗಿ ಒಂದು ನಿಧಾನದ ನಾದವಿತ್ತು. ಅದು ಶುರುವಾದರೆ ಹಾಸ್ಟೆಲ್ಲಿನಲ್ಲಿ ನಾನು ಬಾಯಿ ಮುಚ್ಚುತ್ತಿದ್ದೆ. ರೂಮಿನ ಗೆಳತಿಯರು ಆ ಕಾರಣಕ್ಕಾಗಿಯೇ ಅದನ್ನು ಮತ್ತೆ ಮತ್ತೆ ಹಾಕುತ್ತಿದ್ದರು.

ಹಾಕಿ ಹಾಕಿ, ಒಂದು ದಿನ ಟೇಪ್ ರೆಕಾರ್ಡರ್ ಅದರ ಕೊನೆಯನ್ನು ನುಂಗಿತು. ಅಂದಿನಿಂದ ಹತ್ತು ವರ್ಷ ನನ್ನ ಪಾಲಿಗೆ ಆ ನಾದ ಮುಗಿದಿಲ್ಲ. ಏರುತ್ತದೆ, ಇನ್ನೇನು ಇಳಿಯಬೇಕು, ಅಷ್ಟರಲ್ಲಿ ಕರ್ರ್ ಎಂದು ಕಪ್ಪೆಯ ಸದ್ದು. ಆ ಕ್ಯಾಸೆಟ್ ಸಿಡಿಯಾಗಿ ಬರಲೇ ಇಲ್ಲ. ಇಂಟರ್ನೆಟ್ಟಿನಲ್ಲೂ ಸಿಗಲಿಲ್ಲ. ಮದುವೆಯ ನಂತರ ಅಮೆರಿಕದ ಬಾಥೆಲ್‌ಗೆ ಬರುವಾಗ ಅಮ್ಮ ಕೊಟ್ಟ ಸಾರಿನ ಪುಡಿಯನ್ನು ಸೂಟ್‌ಕೇಸಿನಿಂದ ತೆಗೆದು ಆ ಕ್ಯಾಸೆಟ್ಟಿಗೆ ಜಾಗ ಮಾಡಿದ್ದೆ.

ಹೀಗಿರುವಾಗ ಒಂದು ಬೇಸಿಗೆಯಲ್ಲಿ ಪತ್ರಿಕೆಯ ಮೂಲೆಯಲ್ಲಿ ಒಂದು ಪ್ರಕಟಣೆ ಕಂಡಿತು. ಅದೇ ಕ್ಯಾಸೆಟ್ಟಿನ ಕಲಾವಿದ, ಈಗ ಮುದುಕ, ಬೆರಳು ಸೆಟೆದುಕೊಳ್ಳುತ್ತಿರುವುದರಿಂದ ಕೊನೆಯ ಪ್ರವಾಸಕ್ಕೆ ಹೊರಟಿದ್ದಾನೆ. ನಮಗೆ ಹತ್ತಿರದ ಕಡಲತೀರದ ಊರು ಮುಕಿಲ್ಟಿಯೊದಲ್ಲಿ ಒಂದು ಸಂಜೆ ನುಡಿಸುತ್ತಾನೆ. ಏಳು ಗಂಟೆಗೆ.

ನಮ್ಮ ಮನೆಯಿಂದ ಅರ್ಧ ಗಂಟೆಯ ದಾರಿ. ಪ್ರಸನ್ನ ಐದೂಮುಕ್ಕಾಲಿಗೇ ಶೂ ಹಾಕಿಕೊಂಡು ನಿಂತಿದ್ದ.

"ಹೊರಡಣ್ವಾ?"

"ಏಳು ಗಂಟೆ ಕಾರ್ಯಕ್ರಮಕ್ಕೆ ಈಗ್ಲೇ ಹೋಗಿ ಕುರ್ಚಿ ಜೋಡಿಸ್ತೀಯಾ?"

"ಅಲ್ಲಿ ಟೈಮ್‌ಗೆ ಶುರುವಾಗಬಹುದು ಕಣೇ."

"ಆಧಾರ?"

ಪಾಪ, ಅವನ ಹತ್ತಿರ ಆಧಾರವಿರಲಿಲ್ಲ. ನನ್ನ ಹತ್ತಿರ ಧಾರಾಳವಾಗಿತ್ತು. ಇಲ್ಲಿನ ಕನ್ನಡ ಸಂಘದ ಹೋದ ಯುಗಾದಿಯ ಕಾರ್ಯಕ್ರಮ ಐದಕ್ಕೆ ಎಂದಿದ್ದು ಶುರುವಾದದ್ದು ಆರೂಕಾಲಿಗೆ. ದೀಪ ಬೆಳಗಲು ಕರೆದ ಆರು ಜನರಲ್ಲಿ ಇಬ್ಬರು ಇನ್ನೂ ಹೈವೇಯಲ್ಲಿದ್ದರು. ಆಮೇಲೆ ಪ್ರಾರ್ಥನೆ, ಸ್ವಾಗತ, ಅಧ್ಯಕ್ಷರ ಎರಡು ಮಾತು, ಎರಡು ಮಾತು ಎಂದು ಹೇಳಿ ಆಡಿದ ಇನ್ನೂರು ಮಾತು, ಶಾಲು, ಹಣ್ಣಿನ ಬುಟ್ಟಿ. ಗಾಯಕರು ಬಾಯಿ ತೆರೆದಾಗ ಮಕ್ಕಳು ನಿದ್ದೆ ಹೋಗಿದ್ದರು.

"ಆದ್ದರಿಂದ ಮಾನ್ಯ ತೀರ್ಪುಗಾರರೇ" ಎಂದೆ, ಕನ್ನಡಿಯ ಮುಂದೆ ಎರಡನೆಯ ಸಲ ಸೀರೆ ಬದಲಾಯಿಸುತ್ತ, "ಮನುಷ್ಯಕುಲ ಎಲ್ಲಿದ್ದರೂ ಸ್ವಾಗತ ಭಾಷಣವಿಲ್ಲದೆ ಸಂಗೀತ ಶುರು ಮಾಡುವುದಿಲ್ಲ. ಏಳು ಅಂದರೆ ಏಳೂಮುಕ್ಕಾಲು. ಏಳೂಕಾಲಿಗೆ ತಲುಪಿದರೂ ನಾವು ಬೇಗ ಹೋದ ಹಾಗೆ."

ಪ್ರಸನ್ನ ಕಾರಿನ ಕೀಯಿಂದ ಬಾಗಿಲ ಚೌಕಟ್ಟಿಗೆ ಒಮ್ಮೆ ಟಣ್ ಎಂದು ಬಡಿದ. ಮೊದಲ ಗಂಟೆ. ಹಳೆಯ ಚಾಳಿ. ನಾನು ಲಕ್ಷ್ಯ ಕೊಡಲಿಲ್ಲ.

ಆರೂಕಾಲಿಗೆ ಹೊರಟೆವು. ಕಾರು ಓಡಿಸುತ್ತಿದ್ದವಳು ನಾನು. ಮುಕಿಲ್ಟಿಯೊದಲ್ಲಿ ರಸ್ತೆ ಸಮುದ್ರದ ಕಡೆ ಇಳಿಯುವಲ್ಲಿ ಬಲಬದಿಗೆ ಕಾರುಗಳ ಉದ್ದ ಸಾಲು ನಿಂತಿತ್ತು. ನನಗೆ ಕಣ್ಣು ತುಂಬಿ ಬಂತು.

"ನೋಡೋ. ಕೆಲ್ಟಿಕ್ ಸಂಗೀತ ಯಾರು ಕೇಳ್ತಾರೆ ಅಂತಿದ್ದೆಯಲ್ಲ. ಜನ ನೋಡು!"

ಸಾಲಿನ ಬಾಲಕ್ಕೆ ಕಾರು ಸೇರಿಸಿದೆ. ಐದು ನಿಮಿಷವಾಯಿತು. ಹತ್ತಾಯಿತು. ಪ್ರಸನ್ನ ಮೂರು ಸಲ ಗಂಟಲು ಸರಿಮಾಡಿಕೊಂಡ.

"ರಶ್ಮಿ, ಇದು ಫೆರಿ ಲೈನ್ ಇರಬಹುದು. ಕಾರು ಹತ್ತಿಸ್ಕೊಂಡು ಹೋಗೋ ಹಡಗಿಗೆ ಕಾಯೋ ಸಾಲು."

"ಹೇಗೆ ಹೇಳ್ತೀಯ?"

"ಸಮುದ್ರ ಕಾಣಿಸ್ತಿದೆ."

"ಸಮುದ್ರದ ಪಕ್ಕ ಕಛೇರಿ ಆಗಬಾರದು ಅಂತ ಕಾನೂನಿದೆಯಾ? ಇದು ಊಹೆ. ಪುರಾವೆ ಕೊಡು."

ಪ್ರಸನ್ನ ಗಾಜಿನಾಚೆ ಬೆರಳು ತೋರಿಸಿದ.

"ಮುಂದಿನ ಕಾರಿನ ತಲೆ ಮೇಲೆ ದೋಣಿ ಇದೆ."

ಇತ್ತು. ಹಳದಿ ಬಣ್ಣದ್ದು. ನಾನು ಅದನ್ನು ಅಲಂಕಾರ ಎಂದುಕೊಂಡಿದ್ದೆ. ಕಛೇರಿಗೆ ದೋಣಿ ತರುವ ರಸಿಕರು ಇರಬಹುದೆಂಬ ವಾದವನ್ನು ಒಂದು ಕ್ಷಣ ಮನಸ್ಸಿನಲ್ಲೇ ಪರಿಶೀಲಿಸಿ ಕೈಬಿಟ್ಟೆ. ಅಷ್ಟರಲ್ಲಿ ಹಿಂದೆಯೂ ಕಾರುಗಳು ಬಿಗಿಯಾಗಿ ನಿಂತಿದ್ದವು. ಹಿಂದಿನವನಿಗೆ ಕೈಮುಗಿದು, ಅವನು ಅವನ ಹಿಂದಿನವನಿಗೆ ಕೈಬೀಸಿ, ಎಲ್ಲರೂ ಒಂದೊಂದು ಅಡಿ ಹಿಂದೆ ಸರಿದು ಸಾಲಿನಿಂದ ಬಿಡಿಸಿಕೊಳ್ಳುವ ಹೊತ್ತಿಗೆ ಏಳು ಗಂಟೆ ಹತ್ತು ನಿಮಿಷ.

"ಈಗ ಅಲ್ಲಿ ಅಧ್ಯಕ್ಷರು ಮಾತಾಡ್ತಿರ್ತಾರೆ" ಎಂದೆ. ದನಿ ಮೊದಲಿನಷ್ಟು ಗಟ್ಟಿಯಾಗಿರಲಿಲ್ಲ.

ಹಾಲ್ ಎಂದರೆ ಹಳೆಯ ಮರದ ಕಟ್ಟಡ. ಹೊರಗೆ ಯಾರೂ ಇಲ್ಲ. ಕಾಫಿ ಕುಡಿಯುತ್ತ ನಿಂತವರಿಲ್ಲ, ಹೂವಿನ ಬುಟ್ಟಿ ಹಿಡಿದು ಓಡಾಡುವವರಿಲ್ಲ. ನಿಜವಾದ ಹೆದರಿಕೆ ಆಗಲೇ ಹುಟ್ಟಿದ್ದು. ಒಳಬಾಗಿಲು ಮುಚ್ಚಿತ್ತು. ಅದರ ಮುಂದೆ ಸ್ಟೂಲಿನ ಮೇಲೆ ಬಿಳಿಕೂದಲಿನ ಅಜ್ಜಿಯೊಬ್ಬರು ಟಿಕೆಟ್ ನೋಡಲು ಕೂತಿದ್ದರು. ನಮ್ಮನ್ನು ಕಂಡವರೇ ತುಟಿಯ ಮೇಲೆ ಬೆರಳಿಟ್ಟರು.

"ನುಡಿಸುತ್ತಿದ್ದಾರೆ" ಎಂದು ಪಿಸುಗುಟ್ಟಿದರು. "ಇದೊಂದು ಮುಗಿಯಲಿ, ಒಳಗೆ ಬಿಡುತ್ತೇನೆ. ಕಿವಿಗೊಟ್ಟರೆ ಇಲ್ಲಿಗೂ ಕೇಳಿಸುತ್ತದೆ."

ಆ ಘಳಿಗೆಯಲ್ಲಿ ನಾನು ಕಿವಿಗೊಡಬಹುದಿತ್ತು. ಬಾಯಿ ಕೊಟ್ಟೆ.

"ತಡವಾಗಿ ಬಂದವರನ್ನು ಬಿಡುವುದಿಲ್ಲ ಎಂದು ಈ ಟಿಕೆಟಿನ ಮೇಲೆ ಎಲ್ಲಿ ಬರೆದಿದೆ?" ಎಂದೆ. ನಾನೂ ಪಿಸುಗುಟ್ಟಿದೆ ಎಂದೇ ನನ್ನ ನಂಬಿಕೆ. ನನ್ನ ಪಿಸುಮಾತು ಕಾಲೇಜಿನಲ್ಲಿ ಮೈಕಿಲ್ಲದೆ ಕೊನೆಯ ಬೆಂಚಿಗೆ ತಲುಪುತ್ತಿತ್ತು ಎಂದು ಪ್ರಸನ್ನ ಆಮೇಲೆ ನೆನಪಿಸಿದ.

"ಅದು ವಾಡಿಕೆ, ಮಗೂ."

"ವಾಡಿಕೆ ನಿಯಮವಲ್ಲ. ಒಂದನೆಯದಾಗಿ, ನಿಯಮವಾಗಿದ್ದರೆ ಬರೆದಿರಬೇಕು. ಎರಡನೆಯದಾಗಿ, ಮೆಲ್ಲಗೆ ಒಳಗೆ ಹೋಗುವ ಇಬ್ಬರಿಂದ ಆಗುವ ಗದ್ದಲಕ್ಕಿಂತ ಬಾಗಿಲಲ್ಲಿ ಈ ಚರ್ಚೆಯಿಂದ ಆಗುವ ಗದ್ದಲ ಹೆಚ್ಚು."

"ಅದು ನಿಜ" ಎಂದರು ಅಜ್ಜಿ, ಬಹಳ ಪ್ರಾಮಾಣಿಕವಾಗಿ.

ಹಿಂದಿನಿಂದ ಟಣ್, ಟಣ್ ಎಂದು ಸದ್ದಾಯಿತು. ಪ್ರಸನ್ನ ಕೀಯನ್ನು ಗೋಡೆಯ ಕಂಬಿಗೆ ಬಡಿದಿದ್ದ. ಎರಡನೆಯ ಗಂಟೆ. ನಾನು ತಿರುಗಿಯೂ ನೋಡಲಿಲ್ಲ. ಎದುರಾಳಿ ಒಂದು ಅಂಶ ಒಪ್ಪಿಕೊಂಡಾಗ ಕೂರುವವಳು ನಾನಲ್ಲ. ಮೂರನೆಯದಕ್ಕೆ ಹೋದೆ. ನಾಲ್ಕಕ್ಕೆ ಹೋದೆ. ಹತ್ತು ವರ್ಷದಿಂದ ಈ ಸಂಗೀತ ಕೇಳುತ್ತಿರುವವಳಿಗೆ ಬಾಗಿಲಲ್ಲಿ ಹೀಗೆ ಮಾಡುವುದು ಎಷ್ಟು ಅನ್ಯಾಯ ಎಂಬುದನ್ನು ಉದಾಹರಣೆ ಸಹಿತ ವಿವರಿಸಿದೆ. ಕೊನೆಗೆ ಅಜ್ಜಿ ಕೈಚೆಲ್ಲಿದರು.

"ನೀವು ಹೇಳುವುದು ಸರಿ. ಮುಂದಿನ ಸಲ ಟಿಕೆಟಿನ ಮೇಲೆ ಬರೆಸುತ್ತೇವೆ."

ಗೆದ್ದೆ. ಸರಿಯಾಗಿ ಅದೇ ಹೊತ್ತಿಗೆ ಒಳಗೆ ಚಪ್ಪಾಳೆ ಮೊಳಗಿತು. ನನಗೇ ಏನೋ ಎಂಬಂತೆ ಹೆಮ್ಮೆಯಿಂದ ತಿರುಗಿದೆ.

ಪ್ರಸನ್ನ ಬಾಗಿಲಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ ನಿಂತಿದ್ದ. ಚಪ್ಪಾಳೆ ನಿಂತ ಮೇಲೂ ಸ್ವಲ್ಪ ಹೊತ್ತು ಹಾಗೇ ಇದ್ದ.

"ನಿಂದೇ ಕಣೇ" ಎಂದ. "ಕ್ಯಾಸೆಟ್ಟಿಂದು. ಪೂರ್ತಿ ನುಡಿಸಿದ್ರು."

"ಕೊನೆ?"

"ಕೊನೇನೂ."

ಅಜ್ಜಿ ಬಾಗಿಲು ತೆರೆದು ದಾರಿ ಬಿಟ್ಟರು. ಒಳಗೆ ಹೋಗಿ ಕೂತೆ. ಆಮೇಲಿನ ಒಂದೂವರೆ ಗಂಟೆ ಏನೇನು ನುಡಿಸಿದರೋ, ಜನ ಕಾಲು ಕುಣಿಸುತ್ತಿದ್ದರು, ನಾನು ಕಾಯುತ್ತಿದ್ದೆ. ಕೊನೆಯಲ್ಲಿ ಎಲ್ಲರೂ ಎದ್ದು ನಿಂತು ಮತ್ತೊಂದು ಬೇಕೆಂದಾಗ ಎಲ್ಲರಿಗಿಂತ ಜೋರಾಗಿ ಕೂಗಿದೆ. ಮುದುಕ ಬೆರಳು ನೀವಿಕೊಂಡು ನಕ್ಕು, ಒಂದು ಪುಟ್ಟ ಕುಣಿತದ ನಾದ ನುಡಿಸಿ ತಲೆಬಾಗಿದ. ಹೊರಗೆ ಬರುವಾಗ ಅಜ್ಜಿಯನ್ನು ಕೇಳಿದೆ. ಈ ಸಲ ನಿಜಕ್ಕೂ ಮೆಲ್ಲಗೆ.

"ಆ ನಿಧಾನದ್ದನ್ನ ಮತ್ತೆ ಯಾಕೆ ನುಡಿಸಲಿಲ್ಲ?"

"ಅದನ್ನ ಶುರುವಿನಲ್ಲೇ ನುಡಿಸಿಬಿಡ್ತಾರೆ ಮಗೂ. ಆಮೇಲೆ ಬೆರಳು ಕೇಳುವುದಿಲ್ಲ."

ಇದಕ್ಕೆ ನನ್ನಲ್ಲಿ ಪ್ರತಿವಾದವಿರಲಿಲ್ಲ. ಅಭ್ಯಾಸಬಲದಿಂದ ಹುಡುಕಿದೆ. ಇರಲಿಲ್ಲ.

ದಾರಿಯುದ್ದಕ್ಕೂ ನಾನು ಮಾತಾಡಲಿಲ್ಲ. ಪ್ರಸನ್ನನಿಗೆ ಗಾಬರಿಯಾಗಿ ಎರಡು ಸಲ ಜ್ವರವಾ ಎಂದು ಕೇಳಿದ.

ಮಾರನೆಯ ದಿನ, ಭಾನುವಾರ ಬೆಳಿಗ್ಗೆ, ನಾನು ಹಾಲಿನಲ್ಲಿ ಪತ್ರಿಕೆ ಹಿಡಿದು ಕೂತಿದ್ದೆ. ಅಡುಗೆಮನೆಯಲ್ಲಿ ಪ್ರಸನ್ನ ಪಾತ್ರೆ ತೊಳೆಯುತ್ತಿದ್ದ. ನಲ್ಲಿಯ ಸದ್ದಿನ ನಡುವೆ ಸಿಳ್ಳೆ ಕೇಳಿಸಿತು. ಅದೇ ನಾದ. ಅವನಿಗೆ ಸಂಗೀತದ ಗಂಧವಿಲ್ಲ, ಆದರೆ ಮದುವೆಯಾದಾಗಿನಿಂದ ನನ್ನ ಕ್ಯಾಸೆಟ್ ಕೇಳಿ ಬೆಂದವನು. ಸಿಳ್ಳೆ ನಿಧಾನವಾಗಿ ಏರಿತು. ಕಪ್ಪೆ ಕೂಗುವ ಜಾಗಕ್ಕೆ ಬಂತು. ದಾಟಿತು.

ನಾನು ಪತ್ರಿಕೆ ಕೆಳಗಿಟ್ಟು ಅಡುಗೆಮನೆಯ ಬಾಗಿಲಿಗೆ ಬಂದು ನಿಂತೆ. ಹತ್ತು ವರ್ಷದಿಂದ ಇಳಿಯದೆ ನಿಂತಿದ್ದದ್ದು ಒಂದೊಂದೇ ಮೆಟ್ಟಿಲು ಇಳಿಯತೊಡಗಿತು. ಒಂದು, ಎರಡು, ಮೂರು...

"ಅಲ್ಲಿ ಅಷ್ಟು ಕೆಳಗೆ ಹೋಗಲ್ಲ ಅನ್ಸುತ್ತೆ" ಎಂದೆ. "ಶುರುವಿನಲ್ಲಿ ಅದೇ ಸಾಲು ಬಂದಾಗ ಮೇಲೇ ನಿಲ್ಲುತ್ತಲ್ಲ, ತರ್ಕದ ಪ್ರಕಾರ..."

ಸಿಳ್ಳೆ ನಿಂತಿತು.

ಪ್ರಸನ್ನ ತಿರುಗಿದ. ಕೈಯಲ್ಲಿದ್ದ ಒದ್ದೆ ಚಮಚದಿಂದ ಸ್ಟೀಲ್ ಲೋಟಕ್ಕೆ ಎರಡು ಸಲ ಬಡಿದ.

ಟಣ್, ಟಣ್.

"ಎಲ್ಲಿಗೆ ಬಂದಿದ್ದೆ ಅಂತ ಮರ್ತೇ ಹೋಯ್ತು ಕಣೇ" ಎಂದ. ಮತ್ತೆ ಪ್ರಯತ್ನಿಸಿದ. ಏರಿತು. ಕಪ್ಪೆಯ ಜಾಗದವರೆಗೆ ಬಂತು. ಮುಂದೆ ಹೋಗಲಿಲ್ಲ.

ನಾನು ಬಂದು ಕೂತೆ. ಎರಡನೆಯ ಗಂಟೆಗೆ ಕೂತದ್ದು ಜೀವಮಾನದಲ್ಲಿ ಅದೇ ಮೊದಲು.